ಮಳೆ ಕೈಕೊಟ್ರೆ ನದಿ ಹಂಚೋದ್ ಹೇಗೆ?

ವಾರಾಹಿ, ಚಕ್ರಾ, ಸೌಪರ್ಣಿಕಾ... ನಮ್ಮ ಈ ನದಿಗಳು ಘಟ್ಟ ಇಳಿದು ಗಂಗೊಳ್ಳಿ ಅಳಿವೆ ಸೇರೋ ತನಕ ಬೇರೆ ರಾಜ್ಯದ ಗಡಿ ದಾಟೋದಿಲ್ಲ. ಹಾಗಾಗಿ ಕುಂದಾಪುರ, ಬೈಂದೂರಿನವರಿಗೆ ನೀರಿನ ಜಗಳ ಟಿವಿ ಸುದ್ದಿ ಅಷ್ಟೇ.

ಕಾವೇರಿ ಕಥೆ ಬೇರೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಸಾಮಾನ್ಯ ಮಳೆಯ ವರ್ಷ ಕರ್ನಾಟಕ ಗಡಿಯ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ನೀರು ಹರಿಸಬೇಕು. ಯಾವ ತಿಂಗಳು ಎಷ್ಟು ಅನ್ನೋದಕ್ಕೂ ಪಟ್ಟಿ ಇದೆ.

ಆದ್ರೆ ಮಳೆ ಪಟ್ಟಿ ನೋಡ್ಕೊಂಡು ಬರಲ್ಲ! 2023ರ ಆಗಸ್ಟ್‌ನಲ್ಲಿ ಮಳೆ ತೀರಾ ಕಡಿಮೆ. ಆಗ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಜಲಾಶಯಗಳ ಒಳಹರಿವು ನೋಡಿ, 15 ದಿನಕ್ಕೊಮ್ಮೆ ಲೆಕ್ಕ ಹಾಕ್ತು. ಒಮ್ಮೆ 5,000 ಕ್ಯೂಸೆಕ್ ಬಿಡಿ ಅಂತು, ಆಮೇಲೆ 3,000. ತಮಿಳುನಾಡು ಸಾಲದು ಅಂತು. ಇಲ್ಲಿ ಮಂಡ್ಯದಲ್ಲಿ ಧರಣಿ, ಬೆಂಗಳೂರು ಬಂದ್. ಯಾಕಂದ್ರೆ ಕೊರತೆ ವರ್ಷಕ್ಕೆ ಎಲ್ಲರೂ ಒಪ್ಪಿದ ‘ಸಂಕಷ್ಟ ಸೂತ್ರ’ವೇ ಇರಲಿಲ್ಲ.

ದೇಶ ದೇಶಗಳ ನಡುವಿನ ನದಿಗೂ ಇದೇ ಪಾಡು. ಮೆಕಾಂಗ್ ನದಿಗೆ 1995ರಿಂದ ನಾಲ್ಕು ದೇಶಗಳ ಆಯೋಗ ಇದೆ. ಮೇಲ್ಭಾಗದ ಚೀನಾ ಅದರ ಸದಸ್ಯ ಅಲ್ಲ. ಮೊದಲು ನದಿ ನೀರಿನ ಮಾಹಿತಿಯನ್ನ ಮಳೆಗಾಲದಲ್ಲಿ ಮಾತ್ರ ಕೊಡ್ತಿತ್ತು. ವರ್ಷಪೂರ್ತಿ ಕೊಡೋಕೆ ಒಪ್ಪಿದ್ದು 2020ರಲ್ಲಿ.

ಪಾಲು ಬರೆದಿಟ್ರೆ ಸಾಲದು. ನೀರಿನ ಲೆಕ್ಕ ಎಲ್ಲರಿಗೂ ಕಾಣ್ಬೇಕು, ಬರಕ್ಕೆ ಸೂತ್ರ ಮೊದಲೇ ಸಿದ್ಧ ಇರ್ಬೇಕು.

ಕೊರತೆ ವರ್ಷ ಕುಡಿಯೋ ನೀರು ಬಿಟ್ರೆ ಮುಂದಿನ ಪಾಲು ಯಾರಿಗೆ? ಕಾಮೆಂಟ್ ಮಾಡಿ.