ಉಗಿ ಪೈಪಿನ ವಾಲ್ವು: ಬೆಸುಗೆಯೋ, ಬೋಲ್ಟೋ?

ಗೋವಾದ ದಾಬೋಲಿಮ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಜುವಾರಿನಗರವಿದೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದವರು ಬೇರೂರಿದ ಜಾಗವಾದ್ದರಿಂದ ಅಲ್ಲಿ ಕನ್ನಡ ಧಾರಾಳವಾಗಿ ಕಿವಿಗೆ ಬೀಳುತ್ತದೆ. 1970ರ ದಶಕದಿಂದ ಅಲ್ಲೊಂದು ದೊಡ್ಡ ರಸಗೊಬ್ಬರ ಕಾರ್ಖಾನೆಯೂ ಇದೆ. ಯೂರಿಯಾಕ್ಕೆ ಅಮೋನಿಯಾ ಬೇಕು, ಅಮೋನಿಯಾಕ್ಕೆ ಜಲಜನಕ ಬೇಕು. ನೈಸರ್ಗಿಕ ಅನಿಲಕ್ಕೆ ಉಗಿ ಬೆರೆಸಿ, ಸುಮಾರು 800 ಡಿಗ್ರಿ ಶಾಖದಲ್ಲಿ ನಿಕ್ಕಲ್ ವೇಗವರ್ಧಕದ ಮೇಲೆ ಹಾಯಿಸಿ ಆ ಜಲಜನಕವನ್ನು ಪಡೆಯುತ್ತಾರೆ. ದೊಡ್ಡ ಕಂಪ್ರೆಸರುಗಳ ಟರ್ಬೈನು ತಿರುಗಿಸುವುದೂ ಉಗಿಯೇ. ಹಾಗಾಗಿ ಇಂಥ ಕಾರ್ಖಾನೆಯ ಉದ್ದಗಲಕ್ಕೂ ಉಗಿಯ ಪೈಪುಗಳು, ಅವುಗಳ ಮೇಲೆ ಹೆಜ್ಜೆಹೆಜ್ಜೆಗೂ ವಾಲ್ವುಗಳು.

ವಾಲ್ವನ್ನು ಪೈಪಿಗೆ ಸೇರಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ನೇರವಾಗಿ ವೆಲ್ಡಿಂಗ್ ಮಾಡುವುದು. ಇನ್ನೊಂದು, ಎರಡೂ ಕಡೆ ಫ್ಲ್ಯಾಂಜ್ ಎಂಬ ದಪ್ಪ ಬಳೆಗಳನ್ನಿಟ್ಟು, ನಡುವೆ ಗ್ಯಾಸ್ಕೆಟ್ ಹಾಕಿ, ಸುತ್ತಲೂ ಬೋಲ್ಟು ಬಿಗಿಯುವುದು. ಪ್ರೆಷರ್ ಕುಕ್ಕರಿನ ಮುಚ್ಚಳದಲ್ಲಿ ರಬ್ಬರ್ ಬಳೆ ಮಾಡುವ ಕೆಲಸವನ್ನೇ ಇಲ್ಲಿ ಉಕ್ಕಿನ ಪಟ್ಟಿ ಮತ್ತು ಗ್ರಾಫೈಟನ್ನು ಸುರುಳಿ ಸುತ್ತಿದ ಗ್ಯಾಸ್ಕೆಟ್ ಮಾಡುತ್ತದೆ. ಆದರೆ ಅದು ತಾಳಬೇಕಾದ ಬಲವೇ ಬೇರೆ. ಪ್ರತಿ ಚದರ ಸೆಂಟಿಮೀಟರಿಗೆ 40 ಕೆ.ಜಿ. ಒತ್ತಡದ ಉಗಿ 15 ಸೆಂ.ಮೀ. ಒಳವ್ಯಾಸದ ಪೈಪಿನಲ್ಲಿದ್ದರೆ, ಫ್ಲ್ಯಾಂಜ್ ಜೋಡಿಯನ್ನು ಬೇರ್ಪಡಿಸಲು ಸುಮಾರು 7 ಟನ್ ಬಲ ಸದಾ ಎಳೆಯುತ್ತಿರುತ್ತದೆ.

ಒತ್ತಡಕ್ಕಿಂತಲೂ ಹೆಚ್ಚು ಕಾಡುವುದು ಶಾಖದ ಏರಿಳಿತ. 100 ಮೀಟರ್ ಉಕ್ಕಿನ ಪೈಪು 200 ಡಿಗ್ರಿಯಷ್ಟು ಹೆಚ್ಚು ಬಿಸಿಯಾದರೆ ಸುಮಾರು 24 ಸೆಂ.ಮೀ. ಉದ್ದವಾಗುತ್ತದೆ. ಆ ಹಿಗ್ಗುವಿಕೆಗೆ ಪೈಪಿನ ಬಳಸುಗಳಲ್ಲಿ ಸರಿಯಾದ ಅವಕಾಶ ಇರದಿದ್ದರೆ ಅದು ಫ್ಲ್ಯಾಂಜುಗಳನ್ನು ತಿರುಚುತ್ತದೆ. ಉಗಿ ಬಿಟ್ಟಾಗ ಫ್ಲ್ಯಾಂಜ್ ಮೊದಲು ಕಾಯುತ್ತದೆ, ಬೋಲ್ಟು ತಡವಾಗಿ ಕಾಯುತ್ತದೆ. ನಿಲ್ಲಿಸಿದಾಗ ಫ್ಲ್ಯಾಂಜ್ ಮೊದಲು ತಣಿದು ಕುಗ್ಗುತ್ತದೆ, ಇನ್ನೂ ಬಿಸಿಯಿರುವ ಬೋಲ್ಟಿನ ಹಿಡಿತ ಸಡಿಲುತ್ತದೆ. ಕರಾವಳಿಯ ಮಳೆಗಾಲದಲ್ಲಿ, ಹೊದಿಕೆಯಿಲ್ಲದ ಫ್ಲ್ಯಾಂಜಿನ ಮೇಲೆ ನೀರು ಸುರಿದು ಮೇಲ್ಭಾಗ ಮಾತ್ರ ತಣಿದರೆ ಬೋಲ್ಟುಗಳ ಬಿಗಿ ಏರುಪೇರಾಗುತ್ತದೆ. ತೀರಾ ಹೆಚ್ಚಿನ ಶಾಖದಲ್ಲಿ ಬೋಲ್ಟಿನ ಉಕ್ಕು ವರ್ಷಗಳ ಕಾಲ ಕೂದಲೆಳೆಯಷ್ಟು ಜಗ್ಗುತ್ತಾ ಹೋಗಿ ಹಿಡಿತ ಕಳೆದುಕೊಳ್ಳುವುದೂ ಉಂಟು.

ಸೋರಿಕೆ ಆದರೆ ಏನಾಯಿತು ಎನ್ನಬಾರದು. 7 ಕೆ.ಜಿ. ಒತ್ತಡದ ಲೈನಿನಲ್ಲಿ 3 ಮಿ.ಮೀ. ತೂತಿದ್ದರೆ ದಿನಕ್ಕೆ ಅರ್ಧ ಟನ್ನಿಗೂ ಹೆಚ್ಚು ಉಗಿ ಪೋಲಾಗುತ್ತದೆ, ಅದರೊಂದಿಗೆ ಇಂಧನವೂ ಹೋಗುತ್ತದೆ. ಹೆಚ್ಚಿನ ಒತ್ತಡದ, ಅತಿಯಾಗಿ ಕಾಯಿಸಿದ ಉಗಿಯ ಸೋರಿಕೆ ಕಣ್ಣಿಗೆ ಕಾಣುವುದೇ ಇಲ್ಲ. ಬಿಳಿ ಹೊಗೆಯಂತೆ ಕಾಣುವುದು ಆಗಲೇ ತಣಿದ ನೀರಹನಿಗಳ ಮೋಡ. ಅದಕ್ಕೂ ಮುಂಚಿನ, ಏನೂ ಕಾಣದ ಜಾಗವೇ ಮೈ ಸುಡುವ ಜಾಗ.

ಇದಕ್ಕೇ ಮುಖ್ಯ ಲೈನುಗಳಲ್ಲಿ, ಅದರಲ್ಲೂ ಹೆಚ್ಚಿನ ಒತ್ತಡದಲ್ಲಿ, ವೆಲ್ಡಿಂಗ್ ವಾಲ್ವುಗಳು. ಬೆಸುಗೆ ಚೆನ್ನಾಗಿದ್ದರೆ ಅದೂ ಪೈಪಿನ ಒಂದು ಭಾಗವೇ. ಆದರೆ ಚೆನ್ನಾದ ಬೆಸುಗೆ ಸುಲಭದ ಮಾತಲ್ಲ. ಕ್ರೋಮಿಯಂ ಬೆರೆತ ಉಕ್ಕಾದರೆ ಮೊದಲೇ ಕಾಯಿಸಬೇಕು, ಬೆಸೆದ ಮೇಲೆ ಮತ್ತೆ ನಿಗದಿತ ಶಾಖ ಕೊಟ್ಟು ನಿಧಾನ ತಣಿಸಬೇಕು, ಎಕ್ಸ್-ರೇ ತೆಗೆದು ಒಳಗಿನ ಬಿರುಕು ನೋಡಬೇಕು. ನಮ್ಮ ದೇಶದಲ್ಲಿ 3.5 ಕೆ.ಜಿ. ಒತ್ತಡ ಮೀರಿದ ಉಗಿ ಪೈಪುಗಳು ಬಾಯ್ಲರ್ ಕಾನೂನಿನ ಹಿಡಿತದಲ್ಲಿವೆ. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂದಿದೆ. ಬೆಸೆಯುವವನು ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆದಿರಬೇಕು.

ಬೆಸೆದ ವಾಲ್ವು ಕೆಟ್ಟರೆ ಪೈಪು ಕತ್ತರಿಸಲೇಬೇಕು ಎಂಬ ಭಯ ಪೂರ್ತಿ ನಿಜವಲ್ಲ. ಬೋಲ್ಟಿನಿಂದ ಬಿಗಿದ ಮೇಲಿನ ಮುಚ್ಚಳವನ್ನು, ಅಂದರೆ ಬಾನೆಟ್ಟನ್ನು ಬಿಚ್ಚಿ, ಒಳಗೆ ವಾಲ್ವು ಮುಚ್ಚಿಕೊಳ್ಳುವ ಸೀಟನ್ನು ಇದ್ದಲ್ಲೇ ಉಜ್ಜಿ ಸರಿಪಡಿಸಬಹುದು. ಅಪಾಯ ಅಡಗಿರುವುದೂ ಈ ಬಾನೆಟ್‌ನಲ್ಲೇ. 1990ರ ಅಕ್ಟೋಬರ್ 30ರಂದು, ಬಹ್ರೇನ್‌ನಿಂದ ಹೊರಟಿದ್ದ ಅಮೆರಿಕದ ನೌಕೆ ‘ಐವೊ ಜಿಮಾ’ದಲ್ಲಿ ಆಗಷ್ಟೇ ದುರಸ್ತಿಯಾಗಿದ್ದ ಉಗಿ ವಾಲ್ವಿನ ಬಾನೆಟ್ ಕಿತ್ತುಬಂತು. ಬಾನೆಟ್ಟಿಗೆ ಉಕ್ಕಿನ ನಟ್ಟುಗಳ ಬದಲು ಕಪ್ಪು ಲೇಪನವಿದ್ದ ಹಿತ್ತಾಳೆ ನಟ್ಟುಗಳನ್ನು ಹಾಕಿದ್ದರು. ನೋಡಲು ಎರಡೂ ಒಂದೇ. ಆ ಶಾಖದಲ್ಲಿ ಹಿತ್ತಾಳೆ ಸೋತಿತು. ಹತ್ತು ನಾವಿಕರು ಸತ್ತರು. ಫ್ಲ್ಯಾಂಜ್ ಬೇಡವೆಂದು ಬೆಸೆದರೂ ಬೋಲ್ಟಿನ ಹಂಗು ಪೂರಾ ತಪ್ಪುವುದಿಲ್ಲ ಎಂಬುದನ್ನು ಅವರ ಸಾವು ಹೇಳುತ್ತದೆ.

ಹಾಗಾದರೆ ಫ್ಲ್ಯಾಂಜ್ ಎಲ್ಲಿ? ಮತ್ತೆ ಮತ್ತೆ ಬಿಚ್ಚಬೇಕಾದಲ್ಲಿ. ಪರೀಕ್ಷೆಗೆ ಕಳಿಸಬೇಕಾದ ಸುರಕ್ಷತಾ ವಾಲ್ವು, ಸವೆಯುವ ನಿಯಂತ್ರಣ ವಾಲ್ವು, ಹರಿವಿನ ಮೀಟರು ಇವಕ್ಕೆ ಫ್ಲ್ಯಾಂಜೇ ಅನುಕೂಲ. ಗೋವಾ, ಕುಮಟಾ, ಕಾರ್ಕಳದ ಗೇರುಬೀಜ ಕಾರ್ಖಾನೆಗಳಲ್ಲಿ ಬೀಜ ಬೇಯಿಸಲು ಬಳಸುವ ಕಡಿಮೆ ಒತ್ತಡದ ಉಗಿಗೂ ಫ್ಲ್ಯಾಂಜ್ ಸಾಕು. ವಾಲ್ವು ಕೆಟ್ಟ ದಿನ ಪರಿಣತ ವೆಲ್ಡರನ್ನು ಹುಡುಕಿಕೊಂಡು ಹೋಗುವುದು ಸಣ್ಣ ಕಾರ್ಖಾನೆಗೆ ಆಗದ ಕೆಲಸ. ಎಷ್ಟು ಸಲ ಬಿಚ್ಚಬೇಕು, ಸೋರಿದರೆ ಯಾರ ಮೈಮೇಲೆ ಬೀಳುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಒತ್ತಡ ಮತ್ತು ಬೆಲೆಯ ಜೊತೆಗೇ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಉಗಿ ಲೈನಿನ ಮೇಲೆ ಕೈಯಿಡುವ ಗೆಳೆಯರಲ್ಲಿ ಒಂದು ವಿನಂತಿ. ಬೋಲ್ಟು ಬಿಗಿಯುವ ಮುನ್ನ ಅದರ ಮೇಲಿನ ಗುರುತು ಓದಿ. ಮಾಮೂಲಿ ಉಗಿ ಲೈನಿನಲ್ಲಿ ಸ್ಟಡ್ ಎಂಬ ತಲೆಯಿಲ್ಲದ ಬೋಲ್ಟಿನ ತುದಿಗೆ ‘ಬಿ7’, ನಟ್ಟಿನ ಮೇಲೆ ‘2ಎಚ್’ ಎಂದು ಸಾಮಾನ್ಯವಾಗಿ ಒತ್ತಿರುತ್ತಾರೆ. ಗುರುತಿಲ್ಲದ ನಟ್ಟನ್ನು, ಸ್ಟೋರಿನಲ್ಲಿ ಬೇರೆ ಇಲ್ಲವೆಂದರೂ, ಹಾಕಬೇಡಿ.