ಅಕ್ಕಿಕಾಳಿನ ಉದ್ದಕ್ಕೆ ತೊಂಬತ್ತು ಸಾವಿರ

ಸಿರುಗುಪ್ಪ ಕಡೆಯಿಂದ ತುಂಗಭದ್ರೆ ದಾಟಿ ದಢೇಸುಗೂರಿಗೆ ಬಂದರೆ ಕಣ್ಣು ಹಾಯಿಸಿದತ್ತ ಭತ್ತದ ಗದ್ದೆ. ಇಲ್ಲಿನ ಸೋನಾ ಮಸೂರಿಯ ಒಂದು ಅಕ್ಕಿಕಾಳು ಅಂಗೈಮೇಲೆ ಇಟ್ಟುಕೊಳ್ಳಿ. ಉದ್ದ ಹೆಚ್ಚೆಂದರೆ ಐದು ಮಿಲಿಮೀಟರ್. ಅಷ್ಟುದ್ದಕ್ಕೆ ಎಚ್‌ಪಿವಿ ವೈರಸ್‌ಗಳನ್ನು ಸಾಲಾಗಿ ಜೋಡಿಸಿದರೆ 90 ಸಾವಿರ ಹಿಡಿಸುತ್ತವೆ! ಒಂದೊಂದರ ಅಡ್ಡಳತೆ ಸುಮಾರು 55 ನ್ಯಾನೊಮೀಟರ್.

ಮನುಷ್ಯನ ಡಿಎನ್‌ಎಯಲ್ಲಿ 300 ಕೋಟಿ ಅಕ್ಷರಗಳಿದ್ದರೆ ಈ ವೈರಸ್‌ನದರಲ್ಲಿ ಬರೀ 8 ಸಾವಿರದಷ್ಟು. ಅದರೊಳಗಿನ ಇ6, ಇ7 ಎಂಬ ಎರಡು ಜೀನ್‌ಗಳೇ ಸಾಕು, ಜೀವಕೋಶ ಅಂಕೆ ಮೀರಿ ಬೆಳೆಯದಂತೆ ಕಾಯುವ ನಮ್ಮ ಪ್ರೋಟೀನುಗಳನ್ನು ಕಟ್ಟಿಹಾಕಲು. ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಡಿಮೆ ಅಷ್ಟಕ್ಕೂ ಕಾರಣ ಇದೇ ವೈರಸ್. ಇದರ 200ಕ್ಕೂ ಹೆಚ್ಚು ಬಗೆಗಳಲ್ಲಿ 16 ಮತ್ತು 18 ಎಂಬ ಎರಡರಿಂದಲೇ ನೂರಕ್ಕೆ 70 ಪ್ರಕರಣ.

ಸೋಂಕು ತಗಲುವುದು ಲೈಂಗಿಕ ಸಂಪರ್ಕದಿಂದ. ಗಂಡು, ಹೆಣ್ಣು ಎನ್ನದೆ ಬಹುತೇಕ ಎಲ್ಲರಿಗೂ ಒಮ್ಮೆಯಾದರೂ ತಗಲುತ್ತದೆ. ಹೆಣ್ಣಿನ ನಡತೆಯ ಮಾತು ಇಲ್ಲಿ ಎತ್ತಲೇಬಾರದು. ಹತ್ತರಲ್ಲಿ ಒಂಬತ್ತು ಸೋಂಕು ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಹೋಗದೆ ಉಳಿದ ಕೆಲವು ಕ್ಯಾನ್ಸರ್‌ಗೆ ತಿರುಗಲು ಸಾಮಾನ್ಯವಾಗಿ 15–20 ವರ್ಷ ಬೇಕು. ಇಷ್ಟು ಬಿಡುವು ಕೊಡುವ ಕಾಯಿಲೆಗೆ 2022ರಲ್ಲಿ ಭಾರತದಲ್ಲಿ ಸುಮಾರು 80 ಸಾವಿರ ಹೆಣ್ಣುಮಕ್ಕಳು ಬಲಿಯಾದರು, ದಿನಕ್ಕೆ 200ಕ್ಕೂ ಹೆಚ್ಚು.

1956ರವರೆಗೆ ನಮ್ಮ ರಾಯಚೂರಿನ ಹಾಗೆಯೇ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆ ಉಸ್ಮಾನಾಬಾದ್, ಈಗಿನ ಧಾರಾಶಿವ. ಅಲ್ಲಿನ ಹಳ್ಳಿಗಳಲ್ಲಿ 1999ರಲ್ಲಿ 30ರಿಂದ 59 ವಯಸ್ಸಿನ 1,31,746 ಮಹಿಳೆಯರ ಅಧ್ಯಯನ ಶುರುವಾಯಿತು. ಒಂದು ಗುಂಪಿಗೆ ಎಚ್‌ಪಿವಿ ಪರೀಕ್ಷೆ, ಅದೂ ಒಂದೇ ಸಲ. ಗರ್ಭಕೋಶದ ಬಾಯಿಗೆ ಪುಟ್ಟ ಬ್ರಷ್ ಆಡಿಸಿ ಮಾದರಿ ತೆಗೆಯುವುದು, ಕೆಲವೇ ನಿಮಿಷದ ಕೆಲಸ. ಎಂಟು ವರ್ಷ ಕಾದು ನೋಡಿದರೆ, ಇಂಥ ತಪಾಸಣೆಗೆ ಸೇರಿಸದ 31,488 ಜನರ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ 64 ಸಾವು. ಪರೀಕ್ಷೆಗೆ ಆರಿಸಿದ 34,126 ಜನರ ಗುಂಪಿನಲ್ಲಿ 34. ವೈರಸ್ ಇಲ್ಲ ಎಂದು ಬಂದವರು 24 ಸಾವಿರಕ್ಕೂ ಹೆಚ್ಚು. ಅವರಲ್ಲಿ ಒಬ್ಬರೂ ಇದರಿಂದ ಸಾಯಲಿಲ್ಲ.

ನನ್ನನ್ನು ಬೆರಗಾಗಿಸುವುದು ಆ ಸೊನ್ನೆಯೇ. ಪ್ರಯೋಗಾಲಯ ಬೇಡದ ಪರೀಕ್ಷೆಯೂ ಇದೆ: ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬಿಳಿಚಿಕೊಳ್ಳುತ್ತದೆ. ಹುಡುಗಿಯರಿಗೆ 9ರಿಂದ 14 ವರ್ಷದೊಳಗೆ ಹಾಕಿಸಬಹುದಾದ ಲಸಿಕೆ ಪುಣೆಯಲ್ಲೇ ತಯಾರಾಗುತ್ತದೆ. ಹೀಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡಿದ್ದೇವೆ ಎಂದ 30–49 ವಯಸ್ಸಿನ ಮಹಿಳೆಯರು ದೇಶದಲ್ಲಿ ನೂರಕ್ಕೆ ಇಬ್ಬರೂ ಇರಲಿಲ್ಲ.