ನಿದ್ದೆಗೊಬ್ಬ ಕಾವಲುಗಾರ

ಕಸಬೆ ಡಿಗ್ರಜ ಕೃಷ್ಣಾ ನದಿಯ ದಂಡೆಯ ಮೇಲಿರುವ ಊರು. ಇದು ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿನಲ್ಲಿದೆ. ಸಾಂಗಲಿ ಪೇಟೆ ಅರಿಶಿನಕ್ಕೆ ಹೆಸರುವಾಸಿ. ಕಸಬೆ ಡಿಗ್ರಜದಲ್ಲಿ ಅರಿಶಿನ ಸಂಶೋಧನಾ ಕೇಂದ್ರವೂ ಇದೆ. ಆಡುವಾಗ ಬಿದ್ದು ಮೊಣಕಾಲು ತರಚಿದರೆ ಮನೆಯವರು ಗಾಯ ತೊಳೆದು ಅರಿಶಿನ ಹಚ್ಚುವುದುಂಟು. ಆದರೆ ಮರದಿಂದ ಬಿದ್ದು ಕೈಯ ಮೂಳೆಯೇ ಮುರಿದರೆ? ಆಗ ಸಾಂಗಲಿಗೋ ಮಿರಜಿಗೋ ಹೋಗಲೇಬೇಕು.

ಮಿರಜ ಆಸ್ಪತ್ರೆಗಳ ಊರು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಇಲ್ಲಿ ಆಸ್ಪತ್ರೆಯನ್ನು ತೆರೆದರು. 1962ರಲ್ಲಿ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವೂ ಆರಂಭವಾಯಿತು. ಜತ್ತ, ಅಥಣಿ, ರಾಯಬಾಗ ಮುಂತಾದ ಕಡೆಗಳಿಂದ ಕನ್ನಡ ಮಾತನಾಡುವ ಜನರೂ ಚಿಕಿತ್ಸೆಗೆಂದು ಮಿರಜಿಗೆ ಬರುತ್ತಾರೆ.

ಮುರಿದ ಮೂಳೆ ಜಾಗ ಬಿಟ್ಟು ಸರಿದಿದ್ದರೆ, ವೈದ್ಯರು ಅದನ್ನು ಎಳೆದು ಸರಿಯಾಗಿ ಕೂಡಿಸಬೇಕಾಗುತ್ತದೆ. ಎಚ್ಚರವಾಗಿರುವ ಮಗು ಆ ನೋವನ್ನು ತಾಳಲಾರದು. ಅಲ್ಲಾಡದೆ ಮಲಗಿರಲಾರದು. ಆದ್ದರಿಂದ ಮೊದಲು ನೋವು ತಿಳಿಯದಂತೆ ಔಷಧಿ ಕೊಡುತ್ತಾರೆ. ಇದಕ್ಕೆ ಅರಿವಳಿಕೆ ಎನ್ನುತ್ತಾರೆ. ಮರಾಠಿಯಲ್ಲಿ ಇದನ್ನೇ 'ಭೂಲ' ಎಂದು ಕರೆಯುತ್ತಾರೆ.

ಅರಿವಳಿಕೆ ಎಲ್ಲರಿಗೂ ಒಂದೇ ಬಗೆಯಲ್ಲ. ಹಲ್ಲು ಕೀಳುವಾಗ ಆ ಭಾಗ ಮಾತ್ರ ಜೋಮು ಹಿಡಿಯುವಂತೆ ಚುಚ್ಚುಮದ್ದು ಕೊಡುತ್ತಾರೆ. ಕೆಲವು ಚಿಕಿತ್ಸೆಗಳಿಗೆ ಮಂಪರು ಬರಿಸಿದರೆ ಸಾಕು. ದೊಡ್ಡ ಶಸ್ತ್ರಚಿಕಿತ್ಸೆಗೆ ಗಾಢ ನಿದ್ದೆಯೇ ಬೇಕಾಗುತ್ತದೆ.

ಈ ಔಷಧಿಗಳು ಬರುವ ಮೊದಲು ಶಸ್ತ್ರಚಿಕಿತ್ಸೆಯೆಂದರೆ ಜನ ನಡುಗುತ್ತಿದ್ದರು. ನಾಲ್ಕು ಜನ ರೋಗಿಯನ್ನು ಅದುಮಿ ಹಿಡಿಯುತ್ತಿದ್ದರು. 1846ರ ಅಕ್ಟೋಬರ್ 16ರಂದು ಅಮೇರಿಕದ ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಒಬ್ಬ ರೋಗಿಗೆ ಈಥರ್ ಎಂಬ ದ್ರವದ ಆವಿಯನ್ನು ಮೂಸಿಸಿದರು. ರೋಗಿ ನಿದ್ದೆಹೋದ. ವೈದ್ಯರು ಅವನ ಕುತ್ತಿಗೆಯ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿದರು. ರೋಗಿ ಚೀರಲಿಲ್ಲ. ಮರುವರ್ಷವೇ ಕಲಕತ್ತೆಯಲ್ಲಿಯೂ ಈಥರ್ ಬಳಕೆಗೆ ಬಂತು. ಅದೇ 1847ರಲ್ಲಿ ಕ್ಲೋರೋಫಾರ್ಮ್ ಎಂಬ ಇನ್ನೊಂದು ಔಷಧಿಯೂ ಬಂತು.

ಜನರಿಗೆ ಬಹಳ ಸಂತೋಷವಾಯಿತು. ಆದರೆ 1848ರಲ್ಲಿ ಇಂಗ್ಲೆಂಡಿನಲ್ಲಿ ಒಂದು ದುಃಖದ ಘಟನೆ ನಡೆಯಿತು. ಕಾಲ್ಬೆರಳಿನ ಉಗುರು ತೆಗೆಯಲೆಂದು 15 ವರ್ಷದ ಹುಡುಗಿಗೆ ಕ್ಲೋರೋಫಾರ್ಮ್ ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಅವಳು ಪ್ರಾಣ ಬಿಟ್ಟಳು. ಚಿಕಿತ್ಸೆ ಚಿಕ್ಕದಾದರೂ ಎಚ್ಚರಿಕೆ ಚಿಕ್ಕದಾಗಬಾರದು ಎಂಬುದು ಆಗ ವೈದ್ಯರಿಗೆ ಮನವರಿಕೆಯಾಯಿತು.

ಔಷಧಿಯ ನಿದ್ದೆಗೂ ರಾತ್ರಿಯ ನಿದ್ದೆಗೂ ಏನು ವ್ಯತ್ಯಾಸ? ರಾತ್ರಿ ಸೊಳ್ಳೆ ಕಚ್ಚಿದರೆ ನೀವು ಮಗ್ಗುಲು ಬದಲಿಸುತ್ತೀರಿ. ಉಸಿರು ಕಟ್ಟಿದರೆ ತಟ್ಟನೆ ಏಳುತ್ತೀರಿ. ದೇಹ ತನ್ನನ್ನು ತಾನೇ ಕಾಯುತ್ತಿರುತ್ತದೆ. ಔಷಧಿಯ ಗಾಢ ನಿದ್ದೆಯಲ್ಲಿ ಈ ಕಾವಲು ಇರುವುದಿಲ್ಲ. ಉಸಿರಾಟ ನಿಧಾನವಾಗಬಹುದು. ನಾಲಿಗೆ ಹಿಂದೆ ಸರಿದು ಗಂಟಲನ್ನು ಮುಚ್ಚಬಹುದು. ರೋಗಿ "ನನಗೆ ತೊಂದರೆಯಾಗುತ್ತಿದೆ" ಎಂದು ಹೇಳಲಾರ. ಅವನ ಬದಲು ಇನ್ನೊಬ್ಬರು ಎಚ್ಚರವಾಗಿದ್ದು ನೋಡಬೇಕು. ಅವರೇ ಅರಿವಳಿಕೆ ತಜ್ಞರು. ಶಸ್ತ್ರವೈದ್ಯರ ಕಣ್ಣು ಗಾಯದ ಮೇಲಿದ್ದರೆ, ಅರಿವಳಿಕೆ ತಜ್ಞರ ಕಣ್ಣು ರೋಗಿಯ ಉಸಿರು ಮತ್ತು ನಾಡಿಯ ಮೇಲಿರುತ್ತದೆ.

ಈ ಕೆಲಸದಲ್ಲಿ ನಮ್ಮ ದೇಶದ ಮಹಿಳೆಯೊಬ್ಬರ ಹೆಸರು ಹಿರಿದು. ಹೈದರಾಬಾದಿನ ರೂಪಾಬಾಯಿ ಫರ್ದೂನ್‌ಜಿ 1889ರ ಸುಮಾರಿಗೆ ವೈದ್ಯಕೀಯ ಕಲಿತು, ರೋಗಿಗಳಿಗೆ ಕ್ಲೋರೋಫಾರ್ಮ್ ಕೊಡುವ ಕೆಲಸದಲ್ಲಿ ಪರಿಣತರಾದರು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞರೆಂದು ಅವರನ್ನು ಗೌರವಿಸುತ್ತಾರೆ.

ಆ ಕಾಲದಲ್ಲಿ ತಜ್ಞರಿಗೆ ಕಣ್ಣು, ಕಿವಿ ಮತ್ತು ಬೆರಳುಗಳೇ ಸಾಧನಗಳು. ಎದೆ ಏರಿಳಿಯುವುದನ್ನು ನೋಡಬೇಕು. ಉಸಿರಿನ ಸದ್ದು ಕೇಳಬೇಕು. ಮಣಿಕಟ್ಟಿನಲ್ಲಿ ನಾಡಿ ಹಿಡಿಯಬೇಕು. ತುಟಿ ನೀಲಿಯಾಗುತ್ತಿದೆಯೇ ಎಂದು ಗಮನಿಸಬೇಕು. ಆದರೆ ತುಟಿ ನೀಲಿಯಾಗುವಷ್ಟರಲ್ಲಿ ರಕ್ತದಲ್ಲಿಯ ಆಮ್ಲಜನಕ ಬಹಳ ಕಡಿಮೆಯಾಗಿರುತ್ತದೆ. ಅದಕ್ಕೂ ಮೊದಲೇ ತಿಳಿಯುವುದು ಹೇಗೆ?

ಇದಕ್ಕೆ ಜಪಾನಿನ ತಕುವೊ ಅವೊಯಾಗಿ ಎಂಬ ಇಂಜಿನಿಯರರು 1974ರಲ್ಲಿ ದಾರಿ ತೋರಿಸಿದರು. ಅವರ ವಿಚಾರದಿಂದ ಬೆಳೆದ ಸಾಧನವೇ ಪಲ್ಸ್ ಆಕ್ಸಿಮೀಟರ್. ಕತ್ತಲೆಯಲ್ಲಿ ಬ್ಯಾಟರಿಯ ಮೇಲೆ ಬೆರಳಿಟ್ಟರೆ ಬೆರಳು ಕೆಂಪಗೆ ಹೊಳೆಯುವುದನ್ನು ನೀವು ನೋಡಿದ್ದೀರಲ್ಲವೇ? ಈ ಸಾಧನವೂ ಬೆರಳಿನ ಮೂಲಕ ಬೆಳಕನ್ನು ಹಾಯಿಸುತ್ತದೆ. ಆಮ್ಲಜನಕ ತುಂಬಿದ ರಕ್ತ ಹೆಚ್ಚು ಕೆಂಪಾಗಿರುತ್ತದೆ. ಅದು ಕಡಿಮೆಯಾದಾಗ ರಕ್ತ ಕಪ್ಪಾಗುತ್ತದೆ. ಹಾಯ್ದು ಬಂದ ಬೆಳಕನ್ನು ಅಳೆದು ಸಾಧನವು ಅಂಕಿಯನ್ನು ತೋರಿಸುತ್ತದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ 95ರಿಂದ 100ರವರೆಗೆ ಇರುತ್ತದೆ. 2020ರ ಕರೋನಾ ಕಾಲದಲ್ಲಿ ಈ ಪುಟ್ಟ ಸಾಧನ ಎಷ್ಟೋ ಮನೆಗಳಿಗೂ ಬಂತು. ಉಗುರಿಗೆ ಬಣ್ಣ ಹಚ್ಚಿದ್ದರೆ ಅಂಕಿ ತಪ್ಪಾಗಬಹುದು. ಅದಕ್ಕಾಗಿ ಚಿಕಿತ್ಸೆಗೆ ಮೊದಲು ಬಣ್ಣವನ್ನು ಒರೆಸುತ್ತಾರೆ.

ಈಗ ಇನ್ನೂ ಸಾಧನಗಳಿವೆ. ಒಂದು ರಕ್ತದೊತ್ತಡವನ್ನು ಅಳೆಯುತ್ತದೆ. ಒಂದು ಹೃದಯದ ಬಡಿತವನ್ನು ಗೆರೆಯಾಗಿ ತೋರಿಸುತ್ತದೆ. ಮತ್ತೊಂದು ನಾವು ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತದೆ. ಉಸಿರು ನಿಂತರೆ ಇದರ ಗೆರೆ ಕೂಡಲೇ ಮಲಗಿಬಿಡುತ್ತದೆ. ಬೆರಳಿನ ಅಂಕಿ ಇಳಿಯಲು ಮಾತ್ರ ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತಿನಲ್ಲಿಯೇ ಜೀವ ಉಳಿಸಬಹುದು. ಆದರೂ ಸಾಧನವು ಸದ್ದು ಮಾಡಬಲ್ಲದು, ಅಷ್ಟೇ. ಗಲ್ಲವನ್ನು ಎತ್ತಿ ಉಸಿರಿನ ದಾರಿ ತೆರೆಯುವವರು, ಆಮ್ಲಜನಕ ಕೊಡುವವರು ಮನುಷ್ಯರೇ.

ಮಕ್ಕಳೇ, ಈ ಕೆಲಸದಲ್ಲಿ ನಿಮ್ಮದೂ ಒಂದು ಪಾಲಿದೆ. ಚಿಕಿತ್ಸೆಗೆ ಮೊದಲು ನಿಮ್ಮ ತೂಕ ನೋಡುತ್ತಾರೆ. ಔಷಧಿಯ ಅಳತೆ ತೂಕದ ಮೇಲೆ ನಿಂತಿದೆ. ಆಮೇಲೆ "ಏನು ತಿಂದಿದ್ದೀ? ಯಾವಾಗ ತಿಂದಿದ್ದೀ?" ಎಂದು ಕೇಳುತ್ತಾರೆ. ಸಾಮಾನ್ಯವಾಗಿ ಹಗುರವಾದ ಊಟ ಮತ್ತು ಹಾಲು 6 ಗಂಟೆ ಮೊದಲೇ ನಿಲ್ಲಬೇಕು. ಬರಿಯ ನೀರು 2 ಗಂಟೆ ಮೊದಲು ನಿಲ್ಲಬೇಕು. ಎಣ್ಣೆಯಲ್ಲಿ ಕರಿದ ತಿಂಡಿಗೆ ಇನ್ನೂ ಹೆಚ್ಚು ಹೊತ್ತು ಬೇಕು. ಏಕೆಂದರೆ ಔಷಧಿಯ ನಿದ್ದೆಯಲ್ಲಿ ಕೆಮ್ಮು ಬರುವುದಿಲ್ಲ. ಹೊಟ್ಟೆಯಲ್ಲಿದ್ದ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೆ ಅಪಾಯ.

ಹಸಿವೆ ತಾಳದೆ ಒಂದು ಹಿಡಿ ಭಡಂಗ ಮುಕ್ಕಿಬಿಟ್ಟರೆ ಏನು ಮಾಡಬೇಕು? ಬೈಯುತ್ತಾರೆಂದು ಹೆದರಿ ಮುಚ್ಚಿಡಬಾರದು. ತಾಯಿಗೆ, ಸಿಸ್ಟರ್‌ಗೆ ಅಥವಾ ಡಾಕ್ಟರರಿಗೆ ಇದ್ದದ್ದನ್ನು ಹೇಳಿಬಿಡಬೇಕು. ಚಿಕಿತ್ಸೆಗೆ ಅವಸರವಿಲ್ಲದಿದ್ದರೆ ಕೆಲವು ತಾಸು ಮುಂದಕ್ಕೆ ಹಾಕುತ್ತಾರೆ. ಅವಸರವಿದ್ದರೆ ಬೇರೆ ಎಚ್ಚರಿಕೆ ತೆಗೆದುಕೊಳ್ಳುತ್ತಾರೆ. ಕೆಮ್ಮು ನೆಗಡಿ ಇದ್ದರೆ, ಹಲ್ಲು ಅಲ್ಲಾಡುತ್ತಿದ್ದರೆ ಅದನ್ನೂ ಹೇಳಬೇಕು.

ಚಿಕಿತ್ಸೆ ಮುಗಿದ ಮೇಲೂ ಕಾವಲು ಮುಗಿಯುವುದಿಲ್ಲ. ಮಗು ಕಣ್ಣು ತೆರೆದು, ಹೆಸರು ಹೇಳಿ, ಸರಿಯಾಗಿ ಉಸಿರಾಡುವವರೆಗೆ ಹತ್ತಿರವೇ ಒಬ್ಬರು ಇರುತ್ತಾರೆ. ಎದ್ದ ಮಗುವಿಗೆ ಅವರ ನೆನಪು ಇರಲಿಕ್ಕಿಲ್ಲ. ಅವರಿಗೆ ಅದರ ಚಿಂತೆಯೂ ಇಲ್ಲ. ನಿದ್ದೆಹೋದ ಮಗು ಸುಖವಾಗಿ ಎದ್ದರೆ ಅವರ ಕೆಲಸ ಸಾರ್ಥಕ.

ಅಭ್ಯಾಸ

1. ಔಷಧಿಯ ನಿದ್ದೆಗೂ ರಾತ್ರಿಯ ನಿದ್ದೆಗೂ ಇರುವ ವ್ಯತ್ಯಾಸವೇನು?
2. ರೂಪಾಬಾಯಿ ಫರ್ದೂನ್‌ಜಿ ಅವರನ್ನು ಏಕೆ ಗೌರವಿಸುತ್ತಾರೆ?
3. ಚಿಕಿತ್ಸೆಗೆ ಮೊದಲು ಏನನ್ನಾದರೂ ತಿಂದಿದ್ದರೆ ಏಕೆ ಮುಚ್ಚಿಡಬಾರದು?

ಉಪಕ್ರಮ: ಗೆಳೆಯನ ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿರಿ. ಅವನು ಮೈದಾನದಲ್ಲಿ ಒಂದು ಸುತ್ತು ಓಡಿ ಬಂದ ಮೇಲೆ ಮತ್ತೆ ಎಣಿಸಿರಿ. ಎರಡೂ ಅಂಕಿಗಳನ್ನು ಬರೆದಿಡಿರಿ.